ಪಿಕಪ್ಪಿಗೆ ಹಾಕಿಸಿದ್ದು, ಬೇಡವೆಂದದ್ದು

ಬದಿಯಡ್ಕದ ಸಮೀಪದ ನಮ್ಮ ತೋಟದಿಂದ ಅಡಿಕೆ, ತೆಂಗಿನಕಾಯಿ ಸಾಗಿಸಲೆಂದು ಪಿಕಪ್ ಕೊಂಡ ಮೇಲೆ, ಅದಕ್ಕೆ ಏನೇನು ಹಾಕಿಸಬೇಕೆಂದು ಸಲಹೆ ಕೊಡದವರೇ ಇಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಒಣ ಅಡಿಕೆಯನ್ನು ಒದ್ದೆಯಾಗದಂತೆ ಪೇಟೆಗೆ ಮುಟ್ಟಿಸುವುದೇ ಮುಖ್ಯವಾದ್ದರಿಂದ, ನಾನು ಮೊದಲು ಕೊಂಡದ್ದು ದಪ್ಪ ಟರ್ಪಾಲು ಮತ್ತು ಗಟ್ಟಿ ಹಗ್ಗ. ಸರಕು ಹೇರುವ ಜಾಗಕ್ಕೆ ರಬ್ಬರ್ ಮ್ಯಾಟ್ ಹಾಸಿದೆ. ಆದರೆ ಅದರಡಿ ನೀರು ನಿಂತರೆ ತಗಡು ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುವುದರಿಂದ, ಮಳೆಗಾಲದಲ್ಲಿ ಆಗಾಗ ಎತ್ತಿ ಒಣಗಿಸಲೇಬೇಕು.

ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟಾದ ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಇನ್ನೊಂದು ಪಟ್ಟಿ ಸೇರಿಸಿದರೆ ಹೆಚ್ಚು ಭಾರ ಹೇರಬಹುದೆಂದು ಗ್ಯಾರೇಜಿನವರೊಬ್ಬರು ಒತ್ತಾಯಿಸಿದರು. ಪಟ್ಟಿ ಹೆಚ್ಚಿದರೆ ಗಾಡಿಯ ಹಿಂಬದಿ ಕುಸಿಯದಿರಬಹುದು. ಆದರೆ ಬ್ರೇಕು, ಆಕ್ಸಲ್, ಟಯರುಗಳು ಹಳೆಯವೇ ಆಗಿರುತ್ತವೆ, ಆರ್‌ಸಿಯಲ್ಲಿ ನಮೂದಾದ ತೂಕದ ಮಿತಿಯೂ ಬದಲಾಗುವುದಿಲ್ಲ. ಖಾಲಿ ಗಾಡಿಯಲ್ಲಿ ಬೆನ್ನು ಮುರಿಯುವ ಕುಲುಕಾಟವೊಂದೇ ನಮ್ಮ ಪಾಲಿಗೆ ಉಳಿಯುವ ಲಾಭ.

ಗಾಡಿಯ ಮುಂಭಾಗಕ್ಕೆ ಕೂರಿಸುವ ಲೋಹದ ಕಂಬಿಗಳ ಚೌಕಟ್ಟು, ಬುಲ್ ಬಾರ್, ನೋಡಲು ಗತ್ತಿನದ್ದೇ. ಆದರೆ ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿಯೇ ಅದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ತಿಳಿಸಿ ಕ್ರಮಕ್ಕೆ ಸೂಚಿಸಿದೆ. ಮೇಲಾಗಿ ಡಿಕ್ಕಿಯ ಹೊಡೆತವನ್ನು ಅದು ನೇರವಾಗಿ ಗಾಡಿಯ ಮೂಲ ಚೌಕಟ್ಟಾದ ಚಾಸಿಗೆ ದಾಟಿಸುತ್ತದೆ. ಕಣ್ಣು ಕೋರೈಸುವ ಹೆಚ್ಚುವರಿ ದೀಪಗಳನ್ನೂ ಇದೇ ಸಾಲಿಗೆ ಸೇರಿಸಿ ಕೈಬಿಟ್ಟೆ. ಆ ಹಣದಲ್ಲಿ ಚಕ್ರದ ಹಿಂದೆ ಕೆಸರು ತಡೆಯುವ ನಾಲ್ಕು ಮಡ್ ಫ್ಲ್ಯಾಪ್‌ಗಳು ಬಂದವು.