ಏಳೇ ಮೀಟರ್ ಆಳದ ಕೆಲಸ

ಮುಳುಗಿದ ಹಡಗು ತೋರಿಸಿ ಎಂದು ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡಲು ಬರುವ ಗೆಸ್ಟ್‌ಗಳು ಕೇಳುತ್ತಲೇ ಇರುತ್ತಾರೆ. ಅವರ ತಲೆಯಲ್ಲಿರುವುದು ಸಿನಿಮಾ ಹಡಗು. ನಮ್ಮ ಕರಾವಳಿಯಲ್ಲಿ ಡೈವರ್ ಆಗಿ ನಾನು ಮುಟ್ಟಿ ನೋಡಿದ್ದು ಟ್ರಾಲ್ ಬೋಟ್, ಬಲೆ ಎಳೆದು ಮೀನು ಹಿಡಿಯುವ ಬೋಟ್. ಹೂಳು, ಹರಿದ ಬಲೆ, ಕೈ ಕೊಯ್ಯುವ ಚಿಪ್ಪು, ಅಷ್ಟೇ.

ಆ ಬೋಟ್ ಹೊನ್ನಾವರದಲ್ಲಿ ಶರಾವತಿ ಅಳಿವೆಯ ಹೊರಗೆ ಮುಳುಗಿತ್ತು. ಅಲ್ಲಿ ಮರಳಿನ ದಿಬ್ಬ ಒಂದೇ ಜಾಗದಲ್ಲಿ ಇರುವುದಿಲ್ಲ, ಬೋಟ್‌ಗಳು ತಾಗುತ್ತಲೇ ಇರುತ್ತವೆ. ಮಾಲೀಕರಿಗೆ ಬಲೆ ಎಳೆಯುವ ಯಂತ್ರ, ವಿಂಚ್ ಆದರೂ ವಾಪಸ್ ಬೇಕಿತ್ತು. ಏಳೇ ಮೀಟರ್ ಎಂದು ನಮ್ಮ ಯಜಮಾನರು ಒಪ್ಪಿಕೊಂಡುಬಿಟ್ಟರು. ಇಂಥ ಕೆಲಸಕ್ಕೆ ನಮಗೆ ಸಿಲಿಂಡರ್ ಲೆಕ್ಕದಲ್ಲಿ ಕೂಲಿ. ಬೋಟ್ ಮೇಲೆ ಕಾದು ಕೂತರೆ ಏನೂ ಇಲ್ಲ.

ನಾವು ಹೋದಾಗ ಇಳಿತ. ಹೊಳೆ ನೀರು ಹೊರಗೆ ನುಗ್ಗುತ್ತಿತ್ತು, ಬಣ್ಣ ಥೇಟ್ ಚಹಾ. "ಭರತ ಬರ್ಲಿ ತಮ್ಮಾ, ಸಮುದ್ರದ ನೀರು ಒಳಗೆ ಬಂದ್ರೆ ತಿಳಿ ಆಗ್ತದೆ" ಎಂದರು ನಮ್ಮ ಬೋಟ್ ನಡೆಸುವ ತಾಂಡೇಲ. ನಾನು ವಾಚ್ ನೋಡಿದೆ. ಸಂಜೆಯೊಳಗೆ ಮುಗಿಸಬೇಕು, ಏಳೇ ಮೀಟರ್ ತಾನೇ, ಇಳಿದೆ.

ಕೆಳಗೆ ಸಿಲಿಂಡರ್‌ನಲ್ಲಿ ಉಳಿದ ಗಾಳಿ ತೋರಿಸುವ ಗೇಜ್ ಮುಖಕ್ಕೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಕೈಯಲ್ಲೇ ತಡಕಿ ವಿಂಚ್ ಹುಡುಕಿದೆ. ಎತ್ತುವ ಪಟ್ಟಿ (ಸ್ಲಿಂಗ್) ಸುತ್ತಿ ಕೊಂಡಿ (ಶ್ಯಾಕಲ್) ಹಾಕಿದೆ. ಗಾಳಿ ತುಂಬಿ ಭಾರ ಎತ್ತುವ ಲಿಫ್ಟ್ ಬ್ಯಾಗ್ ತರಲು ಹಿಂದೆ ಸರಿದರೆ ಬೆನ್ನಿಗೆ ಯಾರೋ ಕೈ ಹಾಕಿ ಎಳೆದ ಹಾಗಾಯಿತು. ಬಡ್ಡಿ, ಅಂದರೆ ಜೊತೆಗೆ ಇಳಿದ ಡೈವರ್, ಕರೆಯುತ್ತಿದ್ದಾನೆ ಎಂದುಕೊಂಡು ತಿರುಗಿದೆ. ಬಡ್ಡಿ ಅಲ್ಲ, ಬಲೆ. ಸಿಲಿಂಡರ್ ವಾಲ್ವ್‌ಗೆ ಸಿಕ್ಕಿಕೊಂಡಿತ್ತು. ತಿರುಗಿದ್ದಕ್ಕೆ ಇನ್ನೊಂದು ಸುತ್ತು ಬಿತ್ತು. ಮೇಲೆ ಎಳೆದರೆ ಬಿಡಬಹುದು ಅನ್ನಿಸಿ ಬಿಸಿಡಿಗೆ, ಅಂದರೆ ತೇಲಲು ಗಾಳಿ ತುಂಬುವ ಜಾಕೆಟ್‌ಗೆ, ಗಾಳಿ ಹೊಡೆದೆ. ಬಲೆ ತಂತಿ ಹಾಗೆ ಬಿಗಿಯಿತು. ಚಾಕು ಕಾಲಿಗೆ ಕಟ್ಟಿದ್ದೆ. ಬಗ್ಗಲು ಆಗುತ್ತಿಲ್ಲ. ಗೇಜ್‌ನಲ್ಲಿ 110 ಬಾರ್. ಗಾಳಿ ಬೇಕಾದಷ್ಟಿದೆ, ಆದರೂ ಉಸಿರು ಜೋರಾಗಿ ಹೋಗುತ್ತಿತ್ತು.

ಬಲೆ ಆಗ ಪಟ್ಟನೆ ಹರಿದಿದ್ದರೆ ಏನಾಗುತ್ತಿತ್ತು ಎಂದು ರಾತ್ರಿ ಮಲಗಿದ ಮೇಲೆ ಹೊಳೆಯಿತು. ಉಬ್ಬಿದ ಬಿಸಿಡಿ ನನ್ನನ್ನು ಸೀದಾ ಮೇಲಕ್ಕೆ ಎಸೆಯುತ್ತಿತ್ತು. 20 ಮೀಟರ್‌ನಿಂದ 10ಕ್ಕೆ ಬಂದರೆ ನೀರಿನ ಒತ್ತಡ ಇಳಿದು ಗಾಳಿ ಒಂದೂವರೆ ಪಟ್ಟು ಹಿಗ್ಗುತ್ತದೆ. 10ರಿಂದ ನೀರಿನ ಮೇಲ್ಮೈಗೆ ಬಂದರೆ ಎರಡು ಪಟ್ಟು. ಉಸಿರು ಕಟ್ಟಿ ಹಿಡಿದಿದ್ದರೆ ಶ್ವಾಸಕೋಶ ಹರಿಯಲು ಏಳು ಮೀಟರ್ ಧಾರಾಳ ಸಾಕು. ಹೊಸಬರಿಗೆ ದಿನಾ ಬೆಳಿಗ್ಗೆ ನಾನೇ ಒದರುವ ಪಾಠ ಇದು.

ಬಿಡಿಸಿದ್ದು ಬಡ್ಡಿ. ಅವನಿಗೂ ನಾನು ಕಾಣುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಕಟ್ಟಿದ್ದ ಹಗ್ಗ ಹಿಡಿದು ಬಂದ. ಮೊದಲು ನನ್ನ ಭುಜ ಒತ್ತಿ ಸುಮ್ನೆ ಇರು ಎಂದು ತಿಳಿಸಿದ, ಬಿಸಿಡಿಯ ಗಾಳಿ ಬಿಟ್ಟ, ಆಮೇಲೆ ಬಲೆಯ ಒಂದೊಂದೇ ಕಣ್ಣು ಕತ್ತರಿಸಿದ. ಅವನ ಲೈನ್ ಕಟರ್ ಎದೆಯ ಪಟ್ಟಿಯಲ್ಲಿತ್ತು. ಈಗ ನನ್ನದೂ ಅಲ್ಲೇ ಇದೆ. ಕಾಲಿನ ಚಾಕು ಫೋಟೋಗೆ ಚೆನ್ನಾಗಿ ಕಾಣುತ್ತದೆ, ಅಲ್ವಾ?

ಮೇಲೆ ಬಂದಾಗ ತಾಂಡೇಲ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದರು. ಮಾರನೇ ದಿನ ಭರತ ನೋಡಿಯೇ ಇಳಿದೆವು. ಬೋಟ್‌ನ ಅಣಿಯ, ಅಂದರೆ ಮುಂದಿನ ತುದಿಯ, ತನಕ ಕಂಡಿತು. ಬಲೆ ಮೊದಲು ಕತ್ತರಿಸಿ ಬದಿಗೆ ಕಟ್ಟಿದೆವು. ವಿಂಚ್ ಎತ್ತುವುದು ಆಮೇಲೆ ದೊಡ್ಡ ಕೆಲಸವೇ ಅಲ್ಲ.

ಇಷ್ಟಾದ ಮೇಲೆ ಯಜಮಾನರು ಭರತ-ಇಳಿತದ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಆಫೀಸ್ ಗೋಡೆಗೆ ಅಂಟಿಸಿದ್ದಾರೆ. ಅದನ್ನು ನೋಡಿಯೇ ಹೊರಡಬೇಕಂತೆ. ಕಾಯುವ ಹೊತ್ತಿಗೆ ಕೂಲಿ ಎಷ್ಟು ಎಂದು ಕೇಳಿದೆ. "ಅದು ಆಮೇಲೆ ಮಾತಾಡುವ" ಎಂದರು.