ಎಂಟು ಸೆಂಟು ಮಳೆ, ಹನ್ನೆರಡು ನಿಮಿಷ ಓವರ್‌ಟೈಮ್

ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಿಂದಲೇ ಒಂದು ಕಂಪನಿಗೆ ಪ್ರೋಗ್ರಾಂ ಬರೆಯುತ್ತೇನೆ. ಹಾಜರಿ, ಓವರ್‌ಟೈಮ್, ಸಂಬಳದ ಲೆಕ್ಕ ನನ್ನ ಪಾಲಿನ ಕೆಲಸ. ಹೋದ ವರ್ಷ ಒಂದು ಫ್ಯಾಕ್ಟರಿಯ ಕೆಲಸಗಾರರಿಂದ ದೂರು ಬಂತು, ಓವರ್‌ಟೈಮ್ ದುಡ್ಡು ಕಮ್ಮಿ ಬರ್ತಾ ಇದೆ ಅಂತ. ನಮ್ಮ ಟೆಸ್ಟುಗಳೆಲ್ಲ ಪಾಸ್ ಆಗಿದ್ದವು. ನಾಲ್ಕು ದಿನ ಕೂತು ಕೋಡ್ ಓದಿದೆ. ಏನೂ ಸಿಗಲಿಲ್ಲ.

ದಾರಿ ತೋರಿಸಿದ್ದು ಅಜ್ಜನ ಮಳೆ ಪುಸ್ತಕ.

ಕೊಡಗಿನ ತೋಟದ ಮನೆಗಳಲ್ಲಿ ದಿನದ ಮಳೆ ಅಳೆದು ಬರೆದಿಡುವುದು ಹಳೆಯ ಅಭ್ಯಾಸ. ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಅಜ್ಜನ ನಂತರ ಅಪ್ಪ ಅದನ್ನು ಬಿಡದೆ ಬರೆದುಕೊಂಡು ಬಂದಿದ್ದಾರೆ. ಅಷ್ಟೂ ಪುಸ್ತಕಗಳನ್ನು ರಾತ್ರಿ ಹೊತ್ತು ಕಂಪ್ಯೂಟರಿಗೆ ಏರಿಸಿ ಒಂದು ಚಿತ್ರ ಮಾಡಬೇಕು ಅನ್ನುವುದು ನನ್ನ ಆಸೆಯಾಗಿತ್ತು. ದಿನಕ್ಕೊಂದು ಚೌಕ, ವರ್ಷಕ್ಕೊಂದು ಸಾಲು. ಮಳೆ ಜಾಸ್ತಿಯಾದಷ್ಟೂ ನೀಲಿ ಗಾಢ.

ಮೊದಲ ಸಲ ಚಿತ್ರ ಬಹುಪಾಲು ಬಿಳಿಯಾಗಿ ಬಂತು. 2018ರ ಆಗಸ್ಟ್, ಗುಡ್ಡ ಜರಿದ ಆ ದಿನಗಳು ಮಾತ್ರ ಕಡು ನೀಲಿ. ಅವುಗಳ ಮುಂದೆ ಉಳಿದ ಮಳೆಯೆಲ್ಲ ಮಾಸಿಹೋಗಿತ್ತು. ಎಂ.ಟೆಕ್‌ನಲ್ಲಿ ಕಲಿತ ಗ್ಯಾಮಾ ತಿದ್ದುಪಡಿ, ಅಂದರೆ ಚಿತ್ರದ ಮಸುಕು ಭಾಗ ಎದ್ದು ಕಾಣುವಂತೆ ಮಾಡುವ ಲೆಕ್ಕ, ನೆನಪಾಯಿತು. ಮಳೆಯ ಅಂಕಿಯನ್ನು 1/2.2 ಘಾತಕ್ಕೆ ಏರಿಸಿದರೆ ಸಣ್ಣ ಸಂಖ್ಯೆಗಳಿಗೆ ಜಾಗ ಸಿಗುತ್ತದೆ. ಹಾಗೆ ಮಾಡಿದ ಕೂಡಲೇ ಜನವರಿ, ಫೆಬ್ರವರಿಯಲ್ಲಿ ಅಲ್ಲಲ್ಲಿ ನೀಲಿ ಚುಕ್ಕೆ ಎದ್ದವು. ಒಣ ತಿಂಗಳಲ್ಲಿ ಇಷ್ಟು ಮಳೆಯಾ?

ಅಪ್ಪನನ್ನು ಕರೆದು ತೋರಿಸಿದೆ. ಪುಸ್ತಕ ತೆರೆದು ಬೆರಳಿಟ್ಟರು. ಅಲ್ಲಿ 0-8 ಅಂತ ಇತ್ತು. "ಇದು ಎಂಟು ಸೆಂಟು ಮಗಾ. ನೆಲ ಒದ್ದೆಯಾಗುವಷ್ಟು, ಅಷ್ಟೇ." ನನ್ನ ಪ್ರೋಗ್ರಾಂ ಅದನ್ನು 0.8 ಇಂಚು ಅಂತ ಓದಿತ್ತು. ಆಗಬೇಕಾಗಿದ್ದದ್ದು 0.08.

ಚಿತ್ರದಲ್ಲಿ ಕಂಡ ಚುಕ್ಕೆಯನ್ನು ಸುಮ್ನೆ ಬಿಡಬಾರದು ಅಂತ ನನಗೆ ಕಲಿಸಿದ್ದು ಗ್ರಾಫಿಕ್ಸ್ ಪಾಠ. ರೇ ಟ್ರೇಸರ್, ಅಂದರೆ ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ಬಿಡಿಸುವ ಪ್ರೋಗ್ರಾಂ, ಬರೆಯುವ ಅಸೈನ್‌ಮೆಂಟ್ ಇತ್ತು. ಕಂಪ್ಯೂಟರ್ ಗ್ರಾಫಿಕ್ಸ್ ವಿಜ್ಞಾನಿ ಟರ್ನರ್ ವಿಟೆಡ್ 1980ರಲ್ಲಿ ತೋರಿಸಿಕೊಟ್ಟ ದಾರಿ ಅದು. ಕಣ್ಣಿನಿಂದ ಕಿರಣ ಕಳಿಸಿ, ವಸ್ತುವಿಗೆ ತಾಗಿದ ಜಾಗದಿಂದ ದೀಪದ ಕಡೆ ಇನ್ನೊಂದು ಕಿರಣ ಬಿಡಬೇಕು. ನಡುವೆ ಏನಾದರೂ ಅಡ್ಡ ಬಂದರೆ ಅಲ್ಲಿ ನೆರಳು. ನಾನು ಬಿಡಿಸಿದ ಗೋಲದ ಮೇಲೆ ಮಾತ್ರ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಸಂಖ್ಯೆಗಳನ್ನು ಪ್ರಿಂಟ್ ಮಾಡಿ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತಿತ್ತು. ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ಒಂದು ಬಗೆಯಾದ 32 ಬಿಟ್ ಫ್ಲೋಟ್ ಸುಮಾರು ಏಳು ಅಂಕಿಯವರೆಗೆ ಮಾತ್ರ ನಿಖರ. ತಾಗಿದ ಬಿಂದು ಕೂದಲೆಳೆಯಷ್ಟು ಗೋಲದ ಒಳಗೆ ಹೋಗಿ, ಗೋಲ ತನಗೆ ತಾನೇ ಅಡ್ಡ ನಿಲ್ಲುತ್ತಿತ್ತು. ಬಿಂದುವನ್ನು 0.0001ರಷ್ಟು ಹೊರಗೆ ಸರಿಸಿದೆ. ಚುಕ್ಕೆ ಹೋಯಿತು.

ಅಪ್ಪ ಬೆರಳಿಟ್ಟ ಮಾರನೇ ದಿನ ಬೆಳಿಗ್ಗೆ ಆಫೀಸಿನ ಡೇಟಾವನ್ನೂ ಚಿತ್ರ ಮಾಡಿದೆ. ಒಂದೊಂದು ಓವರ್‌ಟೈಮ್ ನಮೂದಿಗೆ ಒಂದು ಚುಕ್ಕೆ. ದಶಮಾಂಶ ಬಿಂದುವಿನ ನಂತರದ ಎರಡಂಕಿ, ಸೊನ್ನೆಯಿಂದ 99ರವರೆಗೆ, ಅಡ್ಡಗೆರೆಯ ಮೇಲೆ. 59ರವರೆಗೆ ಚುಕ್ಕೆಗಳು ಕಿಕ್ಕಿರಿದಿದ್ದವು. 60ರಿಂದ ಆಚೆ ಪೂರ್ತಿ ಖಾಲಿ. ಅಂದರೆ ಆ ಎರಡಂಕಿ ನಿಮಿಷಗಳು.

ಹಾಜರಿ ಮೆಷಿನ್ 2.30 ಅಂತ ಕೊಟ್ಟರೆ ಅದು ಎರಡೂವರೆ ಗಂಟೆ. ನಾವು 2.3 ಗಂಟೆ ಅಂತ ಗುಣಿಸುತ್ತಿದ್ದೆವು. ಅಂದರೆ 2 ಗಂಟೆ 18 ನಿಮಿಷ. ದಿನಕ್ಕೆ 12 ನಿಮಿಷ, ತಿಂಗಳ 26 ದಿನಕ್ಕೆ 312 ನಿಮಿಷ. ದುಡಿದವರ ಐದು ಗಂಟೆಗೂ ಜಾಸ್ತಿ ಕೂಲಿ ನಮ್ಮ ಕೋಡಿನ ಒಂದು ಸಾಲಿನಲ್ಲಿ ಕಾಣೆಯಾಗಿತ್ತು. ಟೆಸ್ಟುಗಳು ಪಾಸಾಗಿದ್ದು ಯಾಕೆಂದರೆ ನಾನು ಬರೆದ ಉದಾಹರಣೆಗಳೆಲ್ಲ ಪೂರ್ತಿ ಗಂಟೆಗಳು: 1, 2, 3. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ನನ್ನದು ಅಂತ ಮೀಟಿಂಗಿನಲ್ಲಿ ಹೇಳಿದೆ, ಚಿತ್ರ ತೋರಿಸಿದೆ. ಹಳೆಯ ಬಾಕಿಯನ್ನೆಲ್ಲ ಮತ್ತೆ ಲೆಕ್ಕ ಹಾಕಿದೆವು. ಮುಂದಿನ ಸಂಬಳದ ಜೊತೆ ಅದು ಕೆಲಸಗಾರರ ಕೈಸೇರಿತು. ಈಗ ಹೊಸ ಫೈಲ್ ಯಾವುದು ಬಂದರೂ ನಾನು ಮೊದಲು ಚಿತ್ರ ಬಿಡಿಸುತ್ತೇನೆ, ಕೋಡ್ ಆಮೇಲೆ.

ಅಪ್ಪನೂ ಈಗ 0-08 ಅಂತಲೇ ಬರೆಯುತ್ತಾರೆ.