ಮಗ ಇದ್ದೂ ಮಗಳ ಊರಿಗೆ ಯಾಕೆ ಹೋದ್ರಿ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಬಸ್ಸಲ್ಲಿ ಕೇಳಿದ್ದಾರೆ, ಔಷಧಿ ಅಂಗಡಿಯಲ್ಲಿ ಕೇಳಿದ್ದಾರೆ, ತಿಥಿ ಊಟಕ್ಕೆ ಎಲೆ ಮುಂದೆ ಕೂತಾಗಲೂ ಕೇಳಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಮೊದಲು ವಿಷಯ ಏನು ಅಂತ ಹೇಳುತ್ತೇನೆ. ಸೋಮವಾರಪೇಟೆ ತಾಲೂಕಿನ ಶಾಂತಳ್ಳಿ ಕಡೆ ನಮಗೆ ಮೂರೂವರೆ ಎಕರೆ ಕಾಫಿ ತೋಟ ಮತ್ತು ಹೆಂಚಿನ ದೊಡ್ಡ ಮನೆ ಇತ್ತು. ನಾನು ಪ್ರೈಮರಿ ಶಾಲೆ ಟೀಚರ್ ಆಗಿ ರಿಟೈರ್ ಆದವಳು. ಯಜಮಾನರು ತೋಟ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಮನೆ, ತೋಟ ಎರಡನ್ನೂ ಮಾರಿ ಕುಶಾಲನಗರದಲ್ಲಿ ಎರಡು ರೂಮಿನ ಮನೆ ತಗೊಂಡೆವು. ಮಗಳ ಮನೆ ಎರಡು ಬೀದಿ ಆಚೆ. ಮಗ ಬೆಂಗಳೂರಿನಲ್ಲಿದ್ದಾನೆ.

"ಮಗಳ ಮನೆ ಸೇರಿಕೊಂಡ್ರಂತೆ" ಅನ್ನುವವರು ದಯವಿಟ್ಟು ಒಂದು ಸಲ ಬಂದು ನೋಡಿ. ನಮ್ಮ ಮನೆಗೆ ನಮ್ಮದೇ ಬಾಗಿಲು, ನಮ್ಮದೇ ಒಲೆ, ನಮ್ಮ ಹೆಸರಿನದೇ ಕರೆಂಟ್ ಬಿಲ್ಲು ಇದೆ.

ಹೋದ ವರ್ಷ ಮಡಿಕೇರಿಯಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೆವು. ನನ್ನ ಎಡಗಡೆ ಮಗಳು, ಬಲಗಡೆ ವರಸೆಯಲ್ಲಿ ಚಿಕ್ಕಮ್ಮ ಆಗಬೇಕಾದವರು. ಪಾಯಸ ಬಡಿಸುವಾಗ ಅವರು ಇಡೀ ಪಂಕ್ತಿಗೆ ಕೇಳುವ ಹಾಗೆ ಕೇಳಿದರು: "ಏನೇ, ಅಳಿಯನ ಮನೆ ಬಾಗಿಲು ಕಾಯೋಕೆ ಹೋದ್ಯಂತೆ? ಹೆತ್ತ ಮಗ ಇಲ್ವಾ ನಿಂಗೆ?" ಮಗಳು ಹಪ್ಪಳ ಮುರಿಯುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು. ಎಲೆ ಮೇಲಿನ ಅನ್ನ ಹಾಗೇ ಉಳಿಯಿತು. ವಾಪಸ್ ಬರುವಾಗ ಸುಂಟಿಕೊಪ್ಪ ದಾಟುವವರೆಗೂ ಮಾತಿಲ್ಲ. ಆನೆಕಾಡು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು, "ಅಮ್ಮ, ಇಲ್ಲಿಗೆ ಬಂದಿದ್ದು ನಿಮಗೆ ಅವಮಾನ ಆಗಿದೆಯಾ?"

ಚಿಕ್ಕಮ್ಮನ ಮಾತನ್ನು ನಾನು ಅಲ್ಲೇ ಮರೆಯುತ್ತಿದ್ದೆ. ಮಗಳ ಬಾಯಲ್ಲಿ ಈ ಪ್ರಶ್ನೆ ಬರುವ ಹಾಗೆ ಮಾಡಿದರಲ್ಲ, ಅದನ್ನು ಮರೆಯಲು ಆಗುತ್ತಿಲ್ಲ.

ಮಗನ ಬಗ್ಗೆ ಒಂದು ಮಾತು. ಅವನು ಕರೆಯಲಿಲ್ಲ ಅಂತ ಯಾರೂ ತಿಳಿಯಬೇಡಿ. ಮನಸಾರೆ ಕರೆದ, ಒಂದು ರೂಮು ನಮಗೆ ಅಂತಲೇ ಇಟ್ಟಿದ್ದ. ಹತ್ತು ದಿನ ಇದ್ದು ಬಂದೆವು. ಅವನೂ ಸೊಸೆಯೂ ಬೆಳಗ್ಗೆ ಎಂಟಕ್ಕೆ ಹೊರಟರೆ ಮನೆಗೆ ಬರುವಾಗ ರಾತ್ರಿ ಒಂಬತ್ತು. ಹಗಲೆಲ್ಲ ನಾವಿಬ್ಬರೇ, ಮೂರನೇ ಮಹಡಿಯಲ್ಲಿ. ಅದರಲ್ಲಿ ಅವರ ತಪ್ಪೇನಿದೆ? ದುಡಿಯುವ ವಯಸ್ಸು. ನಮಗೆ ಬೇಕಾಗಿದ್ದು ಜೊತೆಗೆ ಜನ, ಕಾಲ ಕೆಳಗೆ ಮಣ್ಣು. ಮನೆ ನಮ್ಮಿಬ್ಬರ ಹೆಸರಲ್ಲೇ ಇದೆ, ಉಳಿದ ದುಡ್ಡಲ್ಲಿ ಮಗನಿಗೂ ಮಗಳಿಗೂ ಸಮಪಾಲು ಅಂತ ವಿಲ್ ಬರೆದಿದ್ದೇವೆ. "ಮಗಳಿಗೆ ಬರೆದುಕೊಟ್ರಾ?" ಅಂತ ಕೇಳುವವರಿಗೆ ಇಷ್ಟು ಸಾಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ಬಂದಿದೆ.

ಇನ್ನು ಊರು ಬಿಟ್ಟಿದ್ದು ಯಾಕೆ ಅಂತ. ಶಾಂತಳ್ಳಿ ಮಳೆ ನೋಡಿದವರು ಕೇಳುವುದಿಲ್ಲ. ಪುಷ್ಪಗಿರಿ ಬುಡದ ಊರು, ಜೂನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡದ ಮಳೆ. ಸಿಲ್ವರ್ ಮರ ಒಂದು ತಂತಿ ಮೇಲೆ ಬಿದ್ದರೆ ನಾಲ್ಕೈದು ದಿನ ಕರೆಂಟಿಲ್ಲ, ಫೋನೂ ಇಲ್ಲ. ಅದೆಲ್ಲ ನಮಗೆ ಅಭ್ಯಾಸ. ಏಪ್ರಿಲ್‌ನಲ್ಲೇ ಸೌದೆ ತುಂಬಿ, ಹಪ್ಪಳ ಸಂಡಿಗೆ ಡಬ್ಬಿಗೆ ಹಾಕಿ ಮಳೆಗೆ ತಯಾರಾಗುತ್ತಿದ್ದ ಮನೆ ನಮ್ಮದು.

2018ರ ಆಗಸ್ಟ್ ಆದ ಮೇಲೆ ಅದು ಬದಲಾಯಿತು. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದವಲ್ಲ, ಆ ವಾರವೇ ನಮ್ಮ ಕೊಟ್ಟಿಗೆ ಹಿಂದಿನ ಬರೆಯೂ, ಅಂದರೆ ಕಡಿದಾದ ಮಣ್ಣಿನ ದಿಬ್ಬವೂ, ಸ್ವಲ್ಪ ಕುಸಿಯಿತು. ಸ್ವಲ್ಪವೇ. ಎರಡು ಕಾಫಿ ಗಿಡ, ಒಂದು ಬಾಳೆ ಬುಡ ಹೋಯಿತು. ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ಯಾವ ಮಳೆಗಾಲದಲ್ಲೂ ನಾವು ಹಿಂದಿನ ರೂಮಲ್ಲಿ ಮಲಗಲಿಲ್ಲ. ಹಾಲ್‌ನಲ್ಲಿ ಹಾಸಿಗೆ. ದಿಂಬಿನ ಪಕ್ಕ ಟಾರ್ಚು, ಬಾಗಿಲ ಕಡೆ ಮುಖ ಮಾಡಿಟ್ಟ ಎರಡು ಜೊತೆ ಚಪ್ಪಲಿ, ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಮತ್ತು ಆಧಾರ್ ಕಾರ್ಡು. ಮಕ್ಕಳು ಫೋನ್ ಮಾಡಿದರೆ "ಆರಾಮಾಗಿದ್ದೀವಿ" ಅನ್ನುತ್ತಿದ್ದೆವು. ನಾಲ್ಕು ಮಳೆಗಾಲ ಹಾಗೆ ಕಳೆದೆವು.

"ಇನ್ನೆರಡು ವರ್ಷ ತಡೆದಿದ್ರೆ ಕಾಫಿಗೆ ಎಂಥಾ ರೇಟು ಬಂತು ನೋಡಿ" ಅನ್ನುವವರು ಬೇರೆ. ನೋಡಿದ್ದೇವೆ. 2024ರಲ್ಲಿ ದರ ಏರುತ್ತಾ ಹೋದಾಗ ಯಜಮಾನರು ದಿನಾ ಪೇಪರಿನಲ್ಲಿ ಅದನ್ನೇ ಮೊದಲು ಓದುತ್ತಿದ್ದರು. ಅವರಿಗೆ ನೋವಾಗಿದೆ, ನನಗೂ ಆಗಿದೆ. ಆದರೆ ಹಣ್ಣು ಕುಯ್ಯಲು ಆಳು ಸಿಗಬೇಕಲ್ವಾ? ನಮ್ಮದು ಅರೇಬಿಕಾ. ನವೆಂಬರ್ ಬಂದರೆ ಕುಯ್ಲು. ಜೊತೆಗೆ ಕಾಂಡಕೊರಕದ ಕಾಟ. ಹುಳ ಬಿದ್ದ ಗಿಡ ಹುಡುಕಿ, ಕಿತ್ತು, ಸುಡಬೇಕು. ಎಪ್ಪತ್ತನಾಲ್ಕು ವರ್ಷದವರು ಮಂಡಿ ನೋವಿಟ್ಟುಕೊಂಡು ಇಳಿಜಾರಿನಲ್ಲಿ ಒಂದೊಂದೇ ಗಿಡ ತಬ್ಬಿ ನೋಡುತ್ತಿದ್ದರು. ರೇಟು ಏರಿದರೆ ಮಂಡಿ ನೋವು ಇಳಿಯುತ್ತದಾ?

ಕುಶಾಲನಗರದಲ್ಲಿ ಮನೆ ನೋಡುವಾಗಲೂ ಭಯ ಬಿಡಲಿಲ್ಲ. 2018ರಲ್ಲೂ 2019ರಲ್ಲೂ ಕಾವೇರಿ ಉಕ್ಕಿ ಇಲ್ಲಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಳಿಯ ತೋರಿಸಿದ ಮೊದಲ ಮನೆಯಲ್ಲಿ ಹೊಸ ಬಣ್ಣ ಘಮಘಮ ಅನ್ನುತ್ತಿತ್ತು. ಯಜಮಾನರು ಸೀದಾ ಹಿಂದೆ ಹೋಗಿ ಬಾವಿಯ ಗೋಡೆ ನೋಡಿದರು. ಅಲ್ಲಿ ಬಣ್ಣ ಹೊಡೆದಿರಲಿಲ್ಲ. ನನ್ನ ಎದೆ ಎತ್ತರಕ್ಕೆ ಕಂದು ಬಣ್ಣದ ಗೆರೆ, ನೀರು ನಿಂತ ಗುರುತು. ಆ ಮನೆ ಬಿಟ್ಟೆವು. ಈಗ ಇರುವುದು ದಿಣ್ಣೆ ಮೇಲಿನ ಮನೆ. ಹೊಳೆ ಕಾಣುವುದಿಲ್ಲ, ಅದೇ ಒಳ್ಳೆಯದು. ಊರು ಬೇಕು ಅನ್ನಿಸಿದರೆ ಹೋಗಿ ಬರುತ್ತೇನೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ದುಡ್ಡಿಲ್ಲವಲ್ಲ, ಬೆಳಗ್ಗೆ ಹತ್ತಿದರೆ ಸಂಜೆ ಮನೆಯಲ್ಲಿರುತ್ತೇನೆ.

ಇಷ್ಟು ಜನ ಇಷ್ಟು ಕೇಳಿದರು. ಮಗನನ್ನು ಯಾಕೆ ಬಿಟ್ರಿ, ತೋಟ ಯಾಕೆ ಮಾರಿದ್ರಿ, ಎಷ್ಟಕ್ಕೆ ಮಾರಿದ್ರಿ. "ಮಗಳನ್ನ ಒಂದು ಮಾತು ಕೇಳಿದ್ರಾ?" ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ನನಗೆ ಬೇಕಾಗಿದ್ದ ಪ್ರಶ್ನೆ ಅದು.

ಕೇಳಿದ್ದೆವು. ಮಗಳ ಮನೆಯಲ್ಲಿ ಅವಳ ಅತ್ತೆ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಆ ಮನೆ ಕಟ್ಟಿ ನಿಲ್ಲಿಸಿದವರು. "ನಿಮ್ಮೂರಿಗೇ ಬರೋಣ ಅಂತಿದ್ದೀವಿ, ಏನಂತೀಯಾ?" ಅಂತ ಫೋನಲ್ಲಿ ಕೇಳಿದಾಗ ಮಗಳು ತಕ್ಷಣ ಹೂಂ ಅನ್ನಲಿಲ್ಲ. ಎಂಟು ದಿನ ಸುದ್ದಿಯೇ ಇಲ್ಲ. ನನಗೆ ಎಷ್ಟು ಬೇಜಾರಾಯಿತು ಅಂದರೆ, ಹೆತ್ತವರು ಭಾರ ಆದೆವಾ ಅಂತ ಅತ್ತೂ ಬಿಟ್ಟೆ. ಒಂಬತ್ತನೇ ದಿನ ಒಬ್ಬಳೇ ಬಸ್ಸಲ್ಲಿ ಬಂದಳು. ಒಲೆ ಹತ್ತಿರ ಮಣೆ ಎಳೆದುಕೊಂಡು ಕೂತಳು.

"ನೀವು ಬರೋದು ನನಗೆ ಬೇಕು ಅಮ್ಮ. ಆದರೆ ಅತ್ತೆಗೆ ಅವರ ಮನೇಲೇ ಮೂಲೆಗೆ ಸರಿದ ಹಾಗೆ ಅನ್ನಿಸಬಾರದು. ಅವರನ್ನೂ ಕೇಳಿದೆ. ಬರಲಿ, ನನಗೂ ಮಾತಿಗೆ ಒಬ್ಬರು ಆಗ್ತಾರೆ ಅಂದ್ರು. ಪಕ್ಕದ ಮನೆ ಮಾತ್ರ ಬೇಡ, ಎರಡು ಬೀದಿ ದೂರ ಇರಲಿ."

ಆ ಎಂಟು ದಿನ ಅವಳು ಎಲ್ಲರ ಮನಸ್ಸನ್ನೂ ತೂಗಿ ನೋಡುತ್ತಿದ್ದಳು. ನಾನು ಅತ್ತಿದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಗೊತ್ತಾಗಲಿ.

ಸಾಮಾನು ಬಹಳ ತರಲಿಲ್ಲ. ತಾಮ್ರದ ಹಂಡೆ, ಬೀಟೆ ಮಂಚ, ಕಣಜ ಎಲ್ಲ ಅವರಿವರ ಮನೆ ಸೇರಿದವು. ಶ್ಯಾವಿಗೆ ಒತ್ತುವ ಮರದ ಒರಳು ಒಂದನ್ನು ಮಾತ್ರ ಬಿಡಲಾಗಲಿಲ್ಲ. ಮೂರು ಕಾಲಿನದು, ಉದ್ದ ಹಿಡಿಯದು, ನಮ್ಮ ಅತ್ತೆಯವರ ಕಾಲದ್ದು. ಅಡುಗೆಮನೆಯಲ್ಲಿ ಅರ್ಧ ಜಾಗ ಅದೇ ತಿನ್ನುತ್ತದೆ. "ಇಷ್ಟು ಚಿಕ್ಕ ಮನೇಲಿ ಇದ್ಯಾಕಮ್ಮ" ಅಂತ ಮಗಳು ಮೊದಮೊದಲು ಬೈದಳು.

ಅದನ್ನು ಒಬ್ಬರೇ ಒತ್ತಲು ಆಗುವುದಿಲ್ಲ. ಒಬ್ಬರು ಬಿಸಿ ಉಂಡೆ ಹಾಕಿ ಕೆಳಗೆ ತಟ್ಟೆ ಹಿಡಿಯಬೇಕು, ಇನ್ನೊಬ್ಬರು ಹಿಡಿ ಮೇಲೆ ಭಾರ ಬಿಡಬೇಕು. ಯಜಮಾನರಿಗೆ ಮಂಡಿ, ಮಗಳಿಗೆ ಕೆಲಸ. ಈಗ ಭಾನುವಾರ ಬೆಳಗ್ಗೆ ಏಳಕ್ಕೆ ಗೇಟು ಸದ್ದಾಗುತ್ತದೆ. ಬೀಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಬರುತ್ತಾರೆ. "ಉಂಡೆ ಬೆಂದಿದೆಯಾ?" ಅನ್ನುತ್ತಾರೆ. ನಾನು ತಟ್ಟೆ ಹಿಡಿಯುತ್ತೇನೆ, ಅವರು ಒತ್ತುತ್ತಾರೆ. ಮೊಮ್ಮಗಳು ಕಾಯಿಹಾಲಿನ ಪಾತ್ರೆ ಪಕ್ಕದಲ್ಲೇ ಕೂತು ಮೊದಲ ತಟ್ಟೆ ಯಾರಿಗೆ ಅಂತ ನಮ್ಮಿಬ್ಬರ ಮುಖವನ್ನೂ ನೋಡುತ್ತಿರುತ್ತಾಳೆ.